ಗುರಿ ನಮ್ಮದು, ಫಲಿತಾಂಶ ಹಲವರದು



ಧಾರವಾಡದ ಸಪ್ತಾಪುರ, ಬೆಂಗಳೂರಿನ ವಿಜಯನಗರ. ಈ ಎರಡು ಹೆಸರು ಕಿವಿಗೆ ಬಿದ್ದರೆ ಸಾಕು, ನಮ್ಮ ನಾಡಿನ ಸಾವಿರಾರು ಮನೆಗಳಲ್ಲಿ ಒಬ್ಬ ಮಗನೋ ಮಗಳೋ ನೆನಪಾಗುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆಂದು ಊರು ಬಿಟ್ಟು ಬಂದು ಇಲ್ಲಿನ ರೂಮುಗಳಲ್ಲಿ ಇರುವವರು ಅವರು. ಬೆಳಗಿನ ಆರು ಗಂಟೆಗೇ ಸಪ್ತಾಪುರದ ರಸ್ತೆಗಳಲ್ಲಿ ಬೆನ್ನಿಗೆ ಬ್ಯಾಗು, ಕೈಯಲ್ಲಿ ನೀರಿನ ಬಾಟಲಿ ಹಿಡಿದು ರೀಡಿಂಗ್ ರೂಮಿನ ಕಡೆ ಹೊರಟಿರುತ್ತಾರೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ, ಕೊಪ್ಪಳ, ರಾಯಚೂರು ಎಂದು ಎಲ್ಲ ಕಡೆಯವರೂ ಅಲ್ಲಿದ್ದಾರೆ. ತಂದೆ ಎರಡೆಕರೆ ಹೊಲ ಮಾಡುವವರು, ತಾಯಿ ಕೂಲಿಗೆ ಹೋಗುವವರು, ಅಣ್ಣ ಟ್ರ್ಯಾಕ್ಟರ್ ಓಡಿಸಿ ತಿಂಗಳಿಗಿಷ್ಟು ಎಂದು ಕಳಿಸುವವನು. ಅಂಥ ಮನೆಯಿಂದ ಬಂದ ಯಾರನ್ನಾದರೂ ನಿಲ್ಲಿಸಿ, "ನಿನ್ನ ಗುರಿ ಏನಪಾ?" ಎಂದು ಕೇಳಿ. ತಡವರಿಸದೆ ಉತ್ತರ ಬರುತ್ತದೆ: "ಪಿಎಸ್‌ಐ ಆಗೋದರಿ." ಇನ್ನೊಬ್ಬಳು ಕೆಎಎಸ್ ಎನ್ನುತ್ತಾಳೆ. ಮತ್ತೊಬ್ಬ, "ಎಫ್‌ಡಿಎ ಆದ್ರೂ ಸಾಕರಿ" ಎನ್ನುತ್ತಾನೆ.

ನನ್ನ ಇವತ್ತಿನ ಮಾತು ಈ ಉತ್ತರದ ಬಗ್ಗೆಯೇ. ಶಿಕ್ಷಕ ವೃತ್ತಿಯಿಂದ ನಿವೃತ್ತನಾದ ಮೇಲೆ ಈ ಮಕ್ಕಳ ಜೊತೆ ಕೂತು ಅವರ ಓದು ನೋಡುವ ರೂಢಿ ನನಗೆ ಆಗಿದೆ. ಪಿಎಸ್‌ಐ ಆಗುವುದನ್ನು ಅವರು ಗುರಿ ಎಂದು ಕರೆಯುತ್ತಾರೆ. ಅದು ಫಲಿತಾಂಶ. ಇವೆರಡರ ನಡುವೆ ಇರುವ ಅಂತರ ಗೊತ್ತಾಗದೆ ಒಳ್ಳೆಯ ಬುದ್ಧಿಯ ಎಷ್ಟೋ ಮಕ್ಕಳು ಸೊರಗಿಹೋಗುವುದನ್ನು ಹತ್ತಿರದಿಂದ ಕಂಡಿದ್ದೇನೆ. ಅದಕ್ಕೇ ಈ ವಿಷಯವನ್ನು ಆರಿಸಿಕೊಂಡೆ.

ಗುರಿ ಎಂದರೆ ನಾನು ಮಾಡಬಹುದಾದ ಕೆಲಸ. ರಾತ್ರಿ ಮಲಗುವ ಮುಂಚೆ ಅದು ಆಯಿತೋ ಇಲ್ಲವೋ ಎಂದು ಬೇರೆ ಯಾರನ್ನೂ ಕೇಳದೆ ನಾನೇ ಹೇಳಬಲ್ಲೆ. ಫಲಿತಾಂಶ ಹಾಗಲ್ಲ. ಅದರಲ್ಲಿ ನನ್ನ ಕೆಲಸವೂ ಸೇರಿರುತ್ತದೆ. ಅದರ ಜೊತೆಗೆ ಪ್ರಶ್ನೆಪತ್ರಿಕೆ ತೆಗೆದವರ ಕೆಲಸ, ಪಕ್ಕದ ಬೆಂಚಿನವರ ತಯಾರಿ, ಆ ವರ್ಷ ಎಷ್ಟು ಹುದ್ದೆ ಕರೆದರು ಎಂಬ ಲೆಕ್ಕ, ಆವತ್ತಿನ ನನ್ನ ಆರೋಗ್ಯ, ಕೊನೆಗೆ ಕೋರ್ಟಿನಲ್ಲಿ ಯಾರು ಯಾವ ಅರ್ಜಿ ಹಾಕಿದರು ಎಂಬುದೂ ಸೇರುತ್ತದೆ.

ಇದನ್ನು ಪುಸ್ತಕದ ಮಾತು ಎಂದು ಯಾರೂ ತಳ್ಳಿಹಾಕುವಂತಿಲ್ಲ. ನಮ್ಮ ರಾಜ್ಯದಲ್ಲೇ 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಲಿಖಿತ ಪರೀಕ್ಷೆ ನಡೆಯಿತು. ಐವತ್ತು ಸಾವಿರಕ್ಕೂ ಹೆಚ್ಚು ಜನ ಬರೆದರು. 2022ರ ಜನವರಿಯಲ್ಲಿ ಆಯ್ಕೆಪಟ್ಟಿ ಬಂತು. ಪಟ್ಟಿಯಲ್ಲಿ ಹೆಸರು ಕಂಡವರ ಊರುಗಳಲ್ಲಿ ಬ್ಯಾನರ್ ಕಟ್ಟಿದರು, ಪೇಡೆ ಹಂಚಿದರು. ಆಮೇಲೆ ಅಕ್ರಮ ಹೊರಬಿತ್ತು, ಬಂಧನಗಳಾದವು, ಏಪ್ರಿಲ್ ಕೊನೆಗೆ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಪ್ರಕರಣ ಹೈಕೋರ್ಟಿಗೆ ಹೋಗಿ, ಮರುಪರೀಕ್ಷೆಗೆ ಒಪ್ಪಿಗೆ ಸಿಕ್ಕಿದ್ದು 2023ರ ನವೆಂಬರಿನಲ್ಲಿ. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಈಗ ಯೋಚಿಸಿ ನೋಡಿ. ಒಬ್ಬ ಹುಡುಗ ಪ್ರಾಮಾಣಿಕವಾಗಿ ಓದಿ, ಪ್ರಾಮಾಣಿಕವಾಗಿ ಬರೆದು, ಪಟ್ಟಿಯಲ್ಲಿ ಬಂದಿದ್ದ. ಅವನ ಕಡೆಯಿಂದ ಒಂದು ತಪ್ಪೂ ಆಗಿಲ್ಲ. ಆದರೂ ಸುಮಾರು ಎರಡು ವರ್ಷ ಕಾಲ ಅವನು ಮತ್ತೆ ಅಭ್ಯರ್ಥಿ. ಮದುವೆ ನಿಶ್ಚಯವಾದವರು, ಇದ್ದ ಖಾಸಗಿ ಕೆಲಸ ಬಿಟ್ಟವರು, ವಯೋಮಿತಿಯ ಅಂಚಿಗೆ ಬಂದವರು, ಎಲ್ಲರೂ ಅಂಥವರಲ್ಲಿ ಇದ್ದಿರಬೇಕು. ಆ ಹುಡುಗ ಕಳೆದುಕೊಂಡದ್ದು ಫಲಿತಾಂಶ. ಅವನು ಓದಿದ್ದನ್ನು, ಓಡಿ ಗಟ್ಟಿಮಾಡಿಕೊಂಡ ಮೈಯನ್ನು, ಬರೆದು ಬರೆದು ತಿದ್ದಿಕೊಂಡ ಪ್ರಬಂಧದ ಶೈಲಿಯನ್ನು ಯಾವ ಆದೇಶವೂ ರದ್ದು ಮಾಡಲಿಲ್ಲ. ಮರುಪರೀಕ್ಷೆಗೆ ಕೂತಾಗ ಅವನ ಕೈಯಲ್ಲಿ ಇದ್ದದ್ದು ಅದೇ.

ಅದೇ 2024ರಲ್ಲಿ 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ ಆಗಸ್ಟ್ 27ರಂದು ಆಯಿತು. ಕನ್ನಡ ಅನುವಾದದಲ್ಲಿ ತಪ್ಪುಗಳಿದ್ದವು ಎಂಬ ಕಾರಣಕ್ಕೆ ಅದನ್ನೂ ಡಿಸೆಂಬರ್ 29ರಂದು ಮತ್ತೆ ನಡೆಸಬೇಕಾಯಿತು. ಕನ್ನಡದಲ್ಲಿ ಓದಿ ಕನ್ನಡದಲ್ಲಿ ಬರೆಯುವ ನಮ್ಮ ಮಕ್ಕಳಿಗೆ ಇದಕ್ಕಿಂತ ನೋವಿನ ಸಂಗತಿ ಯಾವುದಿದೆ? ಇಂಥದ್ದನ್ನು ಪ್ರಶ್ನಿಸಬೇಕು, ಸರಿಪಡಿಸಬೇಕು, ಅದು ಬೇರೆಯೇ ಹೋರಾಟ. ಅದರ ನಡುವೆಯೂ ನಾಳೆ ಬೆಳಿಗ್ಗೆ ಎದ್ದು ಏನು ಮಾಡಲಿ ಎಂಬ ಪ್ರಶ್ನೆ ಅಭ್ಯರ್ಥಿಯ ಮುಂದೆ ಇದ್ದೇ ಇರುತ್ತದೆ.

ಎಲ್ಲವೂ ಸುಸೂತ್ರವಾಗಿ ನಡೆದಾಗಲೂ ಲೆಕ್ಕ ಕಠಿಣವೇ. ಕೇಂದ್ರ ಲೋಕಸೇವಾ ಆಯೋಗದ (ಯುಪಿಎಸ್‌ಸಿ) 2023ರ ನಾಗರಿಕ ಸೇವಾ ಪರೀಕ್ಷೆಗೆ ಹತ್ತು ಲಕ್ಷಕ್ಕೂ ಹೆಚ್ಚು ಅರ್ಜಿ ಬಂದಿದ್ದವು. ಪ್ರಿಲಿಮ್ಸ್ ಬರೆದವರು 5.92 ಲಕ್ಷ. ಕೊನೆಗೆ ಆಯ್ಕೆಯಾದವರು 1016. ಉಳಿದವರೆಲ್ಲ ಸೋತರು ಎನ್ನುವುದಾದರೆ ಒಂದೇ ಪರೀಕ್ಷೆಯಲ್ಲಿ ಆರು ಲಕ್ಷದಷ್ಟು ಮಂದಿ ಸೋತ ಹಾಗಾಯಿತು. ಇಷ್ಟು ಜನರ ಬದುಕಿನ ಒಂದು ವರ್ಷಕ್ಕೆ 'ಸೋಲು' ಎಂಬ ಒಂದೇ ಹೆಸರು ಹಚ್ಚಲು ನನಗೆ ಮನಸ್ಸು ಬರುವುದಿಲ್ಲ. ಅವರಲ್ಲಿ ಕಾಲಹರಣ ಮಾಡಿದವರೂ ಇದ್ದಾರೆ, ತಾವು ಹಿಡಿದದ್ದನ್ನು ಪೂರ್ತಿ ಮಾಡಿ ಮುಗಿಸಿದವರೂ ಇದ್ದಾರೆ. ಫಲಿತಾಂಶದ ಪಟ್ಟಿ ಇವರಿಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ನಾವು ನಿಲ್ಲಿಸಬೇಕಾಗಿಲ್ಲ.

ಇಷ್ಟು ಹೇಳಿದ ಕೂಡಲೇ ಯಾರಾದರೂ ಗೀತೆಯ ಮಾತು ತೆಗೆಯುತ್ತಾರೆ. ನಿಜ, ಕರ್ಮ ಮತ್ತು ಫಲದ ವಿಚಾರ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಆದರೆ ಅದನ್ನು ನಾವು ನೆನೆಸಿಕೊಳ್ಳುವುದು ಯಾವಾಗ? ರಿಸಲ್ಟ್ ಬಂದು, ನಂಬರು ಇಲ್ಲ ಎಂದು ಗೊತ್ತಾದ ಮೇಲೆ, ಸಮಾಧಾನಕ್ಕೆ. ನನ್ನ ಕೋರಿಕೆ ಏನೆಂದರೆ ಅದನ್ನು ಓದಲು ಕೂರುವ ಮೊದಲ ದಿನವೇ ಕೈಗೆತ್ತಿಕೊಳ್ಳಬೇಕು. ಯಾವುದು ನನ್ನ ಕೆಲಸ, ಯಾವುದು ಅಲ್ಲ ಎಂದು ಬೇರೆ ಮಾಡುವ ಕ್ರಮವಾಗಿ ಅದು ಬಳಕೆಗೆ ಬರಬೇಕು.

ಹಾಗಾದರೆ ಪಿಎಸ್‌ಐ ಆಗಬೇಕೆಂಬ ಆಸೆಯನ್ನೇ ಬಿಟ್ಟುಬಿಡಬೇಕೆ? ಖಂಡಿತ ಬೇಡ. ಆಸೆ ದಿಕ್ಕು ತೋರಿಸುತ್ತದೆ. ಯಾವ ಪಠ್ಯಕ್ರಮ, ಯಾವ ಪುಸ್ತಕ, ಎಷ್ಟು ದಿನ ಉಳಿದಿದೆ ಎಂಬುದೆಲ್ಲ ಗೊತ್ತಾಗುವುದು ಅದರಿಂದಲೇ. ಅದನ್ನು ಗೋಡೆಗೆ ಹಚ್ಚಿಡಿ, ತಪ್ಪಿಲ್ಲ. ಆದರೆ ದಿನದ ಹಾಳೆಯ ಮೇಲೆ ಅದನ್ನೇ ಬರೆದುಕೊಂಡರೆ ಕೈಗೆ ಮಾಡಲು ಏನೂ ಸಿಗುವುದಿಲ್ಲ.

ಈ ಬಗ್ಗೆ ಮನಶ್ಶಾಸ್ತ್ರಜ್ಞರು ಮಾಡಿದ ಒಂದು ಪ್ರಯೋಗ ನನಗೆ ಬಹಳ ಹಿಡಿಸಿದೆ. 1997ರಲ್ಲಿ ಬ್ಯಾರಿ ಝಿಮ್ಮರ್‌ಮನ್ ಮತ್ತು ಅನಸ್ತಾಸಿಯಾ ಕಿಟ್ಸಾಂಟಸ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ಹೈಸ್ಕೂಲಿನ 90 ಹುಡುಗಿಯರಿಗೆ ಡಾರ್ಟ್ ಎಸೆಯುವುದನ್ನು ಕಲಿಸಿದರು. ಗೋಡೆಯ ಮೇಲಿನ ವೃತ್ತಗಳಿಗೆ ಚೂಪಾದ ಬಾಣ ಎಸೆಯುವ ಆಟ ಅದು, ನಡುವಿಗೆ ಹತ್ತಿರವಾದಷ್ಟೂ ಅಂಕ ಹೆಚ್ಚು. ಕೆಲವರಿಗೆ, ಹೆಚ್ಚು ಅಂಕ ತೆಗೆಯುವುದೇ ನಿಮ್ಮ ಗುರಿ ಎಂದರು. ಕೆಲವರಿಗೆ, ಅಂಕದ ಯೋಚನೆ ಬೇಡ, ಬಾಣ ಹಿಡಿಯುವುದು, ಎಸೆಯುವುದು, ಎಸೆದ ಮೇಲೆ ಕೈ ಮುಂದೆ ಹೋಗುವುದು, ಈ ಹಂತಗಳನ್ನು ಸರಿಯಾಗಿ ಮಾಡಿ ಎಂದರು. ಇನ್ನೊಂದು ಗುಂಪಿಗೆ, ಮೊದಲು ಹಂತಗಳು ಕೈಗೆ ಕೂಡಲಿ, ಆಮೇಲೆ ಅಂಕದ ಕಡೆ ಗಮನ ಕೊಡಿ ಎಂದರು. ಮೊದಲಿನಿಂದಲೂ ಅಂಕವನ್ನೇ ನೋಡಿದವರಿಗಿಂತ ಹಂತಗಳನ್ನು ನೋಡಿದವರು ಚೆನ್ನಾಗಿ ಎಸೆದರು. ಎಲ್ಲರಿಗಿಂತ ಮುಂದೆ ಬಂದದ್ದು ಮೂರನೆಯ ಗುಂಪು, ಕೈ ಕೂಡಿದ ಮೇಲೆ ಅಂಕದ ಕಡೆ ಹೊರಳಿದವರು. ತಾವು ಎಸೆದದ್ದನ್ನು ಬರೆದಿಟ್ಟುಕೊಂಡವರಿಗೆ ಅದರಿಂದಲೂ ಲಾಭವಾಯಿತು.

ಇದರಲ್ಲಿ ಒಂದು ಸೂಕ್ಷ್ಮವಿದೆ, ಗಮನಿಸಿ. ಫಲಿತಾಂಶವನ್ನು ಯಾವತ್ತೂ ನೋಡಬೇಡಿ ಎಂದು ಪ್ರಯೋಗ ಹೇಳುತ್ತಿಲ್ಲ. ಯಾವಾಗ ನೋಡಬೇಕು ಎಂದು ಹೇಳುತ್ತಿದೆ. ಕಲಿಕೆ ಹಸಿಯಾಗಿರುವಾಗ ನೋಡಿದರೆ ಕೈ ನಡುಗುತ್ತದೆ, ಕಲಿಕೆ ಗಟ್ಟಿಯಾದ ಮೇಲೆ ನೋಡಿದರೆ ಹುರುಪು ಬರುತ್ತದೆ. ಇದಕ್ಕೂ ಎಂಟು ವರ್ಷ ಮುಂಚೆ, 1989ರಲ್ಲಿ, ಅಮೆರಿಕದ ವಾಯುಪಡೆಯ ತರಬೇತಿಯವರ ಮೇಲೆ ನಡೆದ ಒಂದು ಅಧ್ಯಯನದಲ್ಲೂ ಇದೇ ಕಂಡಿತ್ತು. ವಿಮಾನ ಸಂಚಾರ ನಿಯಂತ್ರಣದ ನಕಲಿ ಕೆಲಸವೊಂದನ್ನು ಕಲಿಯುವವರಿಗೆ ಆರಂಭದಲ್ಲೇ, ಇಷ್ಟು ಅಂಕ ಮುಟ್ಟಲೇಬೇಕು ಎಂದು ಹೇಳಿದಾಗ ಕೆಲಸ ಕೆಟ್ಟಿತು. ಮೊದಲ ತಿಂಗಳಲ್ಲೇ ಮಾಕ್ ಟೆಸ್ಟಿನ ರ‍್ಯಾಂಕ್ ಪಟ್ಟಿ ಗೋಡೆಗೆ ಅಂಟಿಸುವ ಕೋಚಿಂಗ್ ಸೆಂಟರುಗಳವರು ಇದನ್ನು ಒಂದು ಸಲ ಯೋಚಿಸಬೇಕು ಎಂದು ವಿನಂತಿಸುತ್ತೇನೆ.

ಇನ್ನೊಂದು ತಪ್ಪು ದಾರಿ ಇದೆ. ಫಲಿತಾಂಶ ಕೈಯಲ್ಲಿಲ್ಲ ಎಂದು ಗೊತ್ತಾದವರು ಬೇಗ ಅದನ್ನು ಹಿಡಿಯುತ್ತಾರೆ. ತಾಸು ಎಣಿಸುವುದೇ ಆ ದಾರಿ.

ಸವದತ್ತಿ ಕಡೆಯ ಒಬ್ಬ ಹುಡುಗ ತನ್ನ ನೋಟ್‌ಬುಕ್ ತಂದು ತೋರಿಸಿದ. ಅಂಚು ಮಡಚಿಹೋದ ಇನ್ನೂರು ಪುಟದ ಪುಸ್ತಕ. ಪ್ರತಿ ಪುಟದ ತಲೆಗೆ ತಾರೀಖು, ಅದರ ಕೆಳಗೆ ಕೆಂಪು ಇಂಕಿನಲ್ಲಿ ಓದಿದ ತಾಸು. ಹನ್ನೊಂದು, ಹನ್ನೆರಡು, ಹದಿಮೂರು. ಹದಿಮೂರು ಬಂದ ಕಡೆ ಸುತ್ತಲೂ ಗೆರೆ ಎಳೆದಿದ್ದ.

"ನಿನ್ನೆ ಹದಿಮೂರು ತಾಸು ಓದೇನ್ರಿ ಸರ."

"ಏನು ಓದಿದೆಪಾ?"

"ಭಾರತದ ಸಂವಿಧಾನರಿ."

"ಭಾಳ ಛಲೋ. ನಿನ್ನೆ ಮುಂಜಾನೆ ಗೊತ್ತಿರಲಾರದ್ದು, ರಾತ್ರಿ ಗೊತ್ತಾದದ್ದು ಏನೈತಿ, ಒಂದು ಹೇಳು ನೋಡೋಣ."

ಅವನು ಬಹಳ ಹೊತ್ತು ಯೋಚಿಸಿದ. "ಓದೇನ್ರಿ ಸರ, ಆದ್ರ ಹೇಳಾಕ ಬರವಲ್ದು" ಎಂದ. ಅವನ ಕಣ್ಣಲ್ಲಿ ನೀರು ಬಂತು. ಆ ಹುಡುಗ ಸೋಮಾರಿ ಅಲ್ಲವೇ ಅಲ್ಲ. ಹದಿಮೂರು ತಾಸು ಕುರ್ಚಿ ಬಿಟ್ಟು ಏಳದವನನ್ನು ಸೋಮಾರಿ ಎಂದು ಯಾರು ಹೇಳಬಲ್ಲರು? ತಾಸು ಎಣಿಸುವುದನ್ನೇ ಗುರಿ ಎಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದರು, ಅವನು ನಂಬಿದ್ದ, ಅಷ್ಟೆ.

ಅವತ್ತು ನಾವಿಬ್ಬರೂ ಕೂತು ಹಳೆಯ ಯುಪಿಎಸ್‌ಸಿ ಪ್ರಶ್ನೆಪತ್ರಿಕೆಯೊಂದನ್ನು ತೆಗೆದೆವು. ಸಾಮಾನ್ಯ ಅಧ್ಯಯನದ ಮೊದಲ ಪತ್ರಿಕೆ, 100 ಪ್ರಶ್ನೆ, ಎರಡು ಗಂಟೆ, 200 ಅಂಕ. ಗಡಿಯಾರ ಇಟ್ಟು ಬರೆಸಿದೆ. ಆಮೇಲೆ ಎಷ್ಟು ಅಂಕ ಬಂತು ಎಂದು ಲೆಕ್ಕ ಹಾಕುವ ಮುಂಚೆ, ತಪ್ಪಾದ ಪ್ರತಿ ಪ್ರಶ್ನೆಯ ಪಕ್ಕ ಯಾಕೆ ತಪ್ಪಾಯಿತು ಎಂದು ಬರೆಯಲು ಹೇಳಿದೆ. ವಿಷಯವೇ ಗೊತ್ತಿರಲಿಲ್ಲ ಎಂಬುದು ಕೆಲವು ಕಡೆ ಬಂತು. ಅರ್ಧ ಗೊತ್ತಿತ್ತು, ಎರಡು ಉತ್ತರದ ನಡುವೆ ಗೊಂದಲವಾಯಿತು ಎಂಬುದು ಇನ್ನಷ್ಟು ಕಡೆ. ಅವನಿಗೇ ಆಶ್ಚರ್ಯವಾದದ್ದು ಬೇರೆ. ಗೊತ್ತಿದ್ದ ಪ್ರಶ್ನೆಗಳನ್ನೇ ಅವನು ಸಾಲಾಗಿ ತಪ್ಪು ಮಾಡಿದ್ದ, ಏಕೆಂದರೆ 'ಕೆಳಗಿನವುಗಳಲ್ಲಿ ಸರಿಯಲ್ಲದ ಹೇಳಿಕೆ ಯಾವುದು' ಎಂದು ಇಂಗ್ಲಿಷಿನಲ್ಲಿ ಕೇಳಿದಲ್ಲಿ 'ನಾಟ್' ಎಂಬುದು ಅವನ ಕಣ್ಣಿಗೆ ಬಿದ್ದೇ ಇರಲಿಲ್ಲ. ಉಳಿದವು ಕಣ್ಣು ಮುಚ್ಚಿ ಗುಂಡು ಹಾಕಿದ್ದು.

ಊಹೆಯ ಲೆಕ್ಕವನ್ನೂ ಕಾಗದದ ಮೇಲೆ ಮಾಡಿದೆವು. ಆ ಪತ್ರಿಕೆಯಲ್ಲಿ ಸರಿ ಉತ್ತರಕ್ಕೆ 2 ಅಂಕ, ತಪ್ಪು ಉತ್ತರಕ್ಕೆ ಅದರ ಮೂರನೇ ಒಂದು ಭಾಗ ಕಡಿತ. ನಾಲ್ಕು ಆಯ್ಕೆ ಇರುವಾಗ ಕುರುಡಾಗಿ ಊಹಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಸರಿಯಾಗುತ್ತದೆ, 2 ಅಂಕ ಬರುತ್ತದೆ. ತಪ್ಪಾದ ಮೂರಕ್ಕೆ ಸೇರಿ ಅದೇ 2 ಅಂಕ ಹೋಗುತ್ತದೆ. ಕೈಗೆ ಸಿಗುವುದು ಸೊನ್ನೆ. ಖಚಿತವಾಗಿ ತಪ್ಪು ಎಂದು ಗೊತ್ತಿರುವ ಎರಡು ಆಯ್ಕೆಗಳನ್ನು ಅಳಿಸಿ ಉಳಿದೆರಡರಲ್ಲಿ ಊಹಿಸಿದರೆ, ನಾಲ್ಕು ಪ್ರಶ್ನೆಗೆ ಸರಾಸರಿ 4 ಅಂಕ ಬಂದು 1.33 ಹೋಗುತ್ತದೆ, 2.67 ಉಳಿಯುತ್ತದೆ. ಕುರುಡಾಗಿ ಊಹಿಸಿದವನಿಗೂ ಒಂದು ದಿನ ಅದೃಷ್ಟ ಕುದುರಿ ಹತ್ತಂಕ ಹೆಚ್ಚು ಬರಬಹುದು. ಆಗ ಫಲಿತಾಂಶ ಒಳ್ಳೆಯದೇ, ಆದರೆ ಅವನು ಮಾಡಿದ ಕೆಲಸ ಒಳ್ಳೆಯದಲ್ಲ. ಆ ಅದೃಷ್ಟವನ್ನೇ ಜಾಣತನ ಎಂದು ತಿಳಿದು ಮುಂದಿನ ಸಲವೂ ಹಾಗೇ ಮಾಡುತ್ತಾನೆ. ಸೋಲಿಗಿಂತ ಇದು ಅಪಾಯಕಾರಿ. ಸೋತವನು ಕನಿಷ್ಠ ಪತ್ರಿಕೆಯನ್ನು ತೆಗೆದು ಮತ್ತೊಮ್ಮೆ ನೋಡುತ್ತಾನೆ.

ಆ ವಾರ ಆ ಹುಡುಗನ ಪುಸ್ತಕದಲ್ಲಿ ಗುರಿ ಎಂದು ಬರೆದದ್ದು ಮೂರೇ ಸಾಲು. ಪ್ರಶ್ನೆಯಲ್ಲಿ 'ನಾಟ್', 'ಓನ್ಲಿ', 'ಆಲ್' ಎಂಬ ಮಾತು ಕಂಡಲ್ಲಿ ಪೆನ್ಸಿಲ್ಲಿನಿಂದ ಅಡಿಗೆರೆ. ಎರಡು ಆಯ್ಕೆ ಅಳಿಸಲಾಗದಿದ್ದರೆ ಆ ಪ್ರಶ್ನೆ ಬಿಡುವುದು. ರಾಜ್ಯಪಾಲರ ಅಧಿಕಾರಗಳನ್ನು ಪುಸ್ತಕ ಮುಚ್ಚಿ ಒಂದು ಹಾಳೆಯಲ್ಲಿ ಬರೆಯುವುದು, ಬಿಟ್ಟುಹೋದದ್ದನ್ನು ಬೇರೆ ಇಂಕಿನಲ್ಲಿ ಸೇರಿಸುವುದು. ಆಯಿತೋ ಇಲ್ಲವೋ ಎಂದು ಭಾನುವಾರ ರಾತ್ರಿ ಅವನೇ ಹೇಳಬಲ್ಲ. ಕೀ ಆನ್ಸರ್ ಬರುವವರೆಗೆ, ಕಟ್ ಆಫ್ ಬರುವವರೆಗೆ ಕಾಯಬೇಕಿಲ್ಲ.

ಮೈದಾನದಲ್ಲೂ ಇದೇ ಲೆಕ್ಕ. ಧಾರವಾಡದ ಆರ್.ಎನ್. ಶೆಟ್ಟಿ ಕ್ರೀಡಾಂಗಣದಲ್ಲಿ ಮುಂಜಾನೆ ದೈಹಿಕ ಪರೀಕ್ಷೆಗೆ ಓಡುವ ಮಕ್ಕಳನ್ನು ನೋಡಿ. 1600 ಮೀಟರನ್ನು ಏಳು ನಿಮಿಷದೊಳಗೆ ಓಡಬೇಕು ಎಂದಿಟ್ಟುಕೊಳ್ಳೋಣ. ನಾಲ್ಕು ಸುತ್ತು, ಸುತ್ತಿಗೆ 105 ಸೆಕೆಂಡು. ಏಳು ನಿಮಿಷ ಎಂಬುದೊಂದೇ ತಲೆಯಲ್ಲಿದ್ದವನು ಮೊದಲ ಸುತ್ತನ್ನು 85 ಸೆಕೆಂಡಿನಲ್ಲಿ ಹಾರಿ ಮುಗಿಸುತ್ತಾನೆ, ಮೂರನೆಯದರಲ್ಲಿ ಪಕ್ಕೆ ಹಿಡಿಯುತ್ತದೆ, ನಾಲ್ಕನೆಯದರಲ್ಲಿ ಕಾಲೆಳೆದು ನಡೆಯುತ್ತಾನೆ. 'ಮೊದಲ ಸುತ್ತು 100 ಸೆಕೆಂಡಿಗಿಂತ ಬೇಗ ಮುಗಿಸುವುದಿಲ್ಲ' ಎಂಬುದು ಅವನಿಗೆ ಬೇಕಾದ ಗುರಿ. ನಿಧಾನ ಓಡುವುದು ಗುರಿ ಎಂದರೆ ಮಕ್ಕಳು ಮೊದಮೊದಲು ಒಪ್ಪುವುದಿಲ್ಲ. ಮೊದಲು ತಮ್ಮನ್ನು ದಾಟಿ ಹೋದವರನ್ನೇ ಕೊನೆಯ ಸುತ್ತಿನಲ್ಲಿ ಹಿಂದೆ ಹಾಕಿದಾಗ ಒಪ್ಪುತ್ತಾರೆ.

ಕೆಲಸ ಪೂರ್ತಿ ನಮ್ಮ ಕೈಯಲ್ಲಿದ್ದೂ ಫಲಿತಾಂಶ ನಮ್ಮ ಕೈಯಲ್ಲಿರುವುದಿಲ್ಲ ಎಂಬುದಕ್ಕೆ ಶೂಟರ್ ಅಭಿನವ್ ಬಿಂದ್ರಾ ಅವರು ಆಡಿದ ಒಲಿಂಪಿಕ್ಸ್‌ಗಳಲ್ಲಿ ಮೂರಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಗುರಿಹಲಗೆಯ ನಟ್ಟನಡುವಿನ ಹತ್ತರ ಚುಕ್ಕೆ ಬರೀ ಅರ್ಧ ಮಿಲಿಮೀಟರ್ ಅಗಲ. ಅದಕ್ಕೆ ಹತ್ತು ಮೀಟರ್ ದೂರದಿಂದ, ನಿಂತುಕೊಂಡು ಹೊಡೆಯಬೇಕು. 2004ರ ಅಥೆನ್ಸ್‌ನಲ್ಲಿ ಅವರು ಅರ್ಹತಾ ಸುತ್ತಿನಲ್ಲಿ 600ಕ್ಕೆ 597 ಹೊಡೆದು ಮೂರನೆಯವರಾಗಿ ಫೈನಲ್ ತಲುಪಿದರು, ಫೈನಲ್‌ನಲ್ಲಿ ಏಳನೆಯ ಸ್ಥಾನಕ್ಕೆ ಇಳಿದರು. 2008ರ ಬೀಜಿಂಗ್‌ನಲ್ಲಿ ಅರ್ಹತಾ ಸುತ್ತಿನ ಅಂಕ 596, ಅಂದರೆ ಅಥೆನ್ಸ್‌ಗಿಂತ ಒಂದು ಕಡಿಮೆ. ಫೈನಲ್‌ನ ಕೊನೆಯ ಗುಂಡಿಗೆ ಬಂದಾಗ ಫಿನ್ಲೆಂಡಿನ ಹೆನ್ರಿ ಹ್ಯಾಕಿನೆನ್ ಮತ್ತು ಬಿಂದ್ರಾ ಸಮಸಮ. ಒಂದು ಗುಂಡಿಗೆ ಹೆಚ್ಚೆಂದರೆ ಸಿಗುವುದು 10.9. ಬಿಂದ್ರಾ 10.8 ಹೊಡೆದರು. ಹ್ಯಾಕಿನೆನ್ 9.7 ಹೊಡೆದು ಕಂಚಿಗೆ ಇಳಿದರು. ವೈಯಕ್ತಿಕ ಸ್ಪರ್ಧೆಯಲ್ಲಿ ಭಾರತಕ್ಕೆ ಮೊದಲ ಒಲಿಂಪಿಕ್ ಚಿನ್ನ ಬಂದದ್ದು ಹೀಗೆ. ಆ ಫಿನ್ಲೆಂಡಿನವರು 10.9 ಹೊಡೆದಿದ್ದರೆ? ಬಿಂದ್ರಾ ಅವರ ಕೈಯಿಂದ ಹೊರಟ ಗುಂಡು ಅದೇ 10.8 ಆಗಿರುತ್ತಿತ್ತು, ಅವರ ನಿಲುವು, ಉಸಿರು, ಬೆರಳು ಅವೇ ಆಗಿರುತ್ತಿದ್ದವು, ಚಿನ್ನ ಮಾತ್ರ ಅವರದಾಗಿರುತ್ತಿರಲಿಲ್ಲ. 2016ರ ರಿಯೊದಲ್ಲಿ ಉಕ್ರೇನಿನ ಆಟಗಾರನೊಂದಿಗೆ ಸಮವಾಗಿ, ಶೂಟ್ ಆಫ್‌ನಲ್ಲಿ ಅವರಿಗೆ 10.5, ಇವರಿಗೆ 10.0 ಬಂದು, ನಾಲ್ಕನೆಯವರಾಗಿ ಹೊರಬಂದರು.

ಚಿನ್ನದ ವರ್ಷ ಮಾತ್ರ ನಮ್ಮ ಮಕ್ಕಳಿಗೆ ಗೊತ್ತು. ಈ ಇನ್ನೆರಡು ವರ್ಷಗಳನ್ನೂ ಅವರಿಗೆ ಹೇಳಬೇಕು. ಮೂರನ್ನೂ ಕೂಡಿಸಿ ನೋಡಿದಾಗಲೇ, ಬೆರಳು ಟ್ರಿಗರ್ ಒತ್ತುವವರೆಗೆ ಮಾತ್ರ ಕೆಲಸ ನಮ್ಮದು ಎಂಬುದು ಮನಸ್ಸಿಗೆ ಇಳಿಯುತ್ತದೆ.

ಇನ್ನೊಂದು ಸಂಗತಿ. ಫಲಿತಾಂಶ ನಾವು ಬಯಸಿದ್ದಕ್ಕಿಂತ ಕಡಿಮೆ ಬರಬಹುದು ಎಂದಷ್ಟೇ ನಾವು ಹೆದರುತ್ತೇವೆ. ಆದರೆ ನಾವು ಬಯಸಿದ್ದಲ್ಲದ, ಬೇರೆಯೇ ಒಂದು ಬಂದು ನಿಲ್ಲಬಹುದು. ಧಾರವಾಡ ಸೀಮೆಯವರಿಗೆ ಗಾಯಕಿ ಗಂಗೂಬಾಯಿ ಹಾನಗಲ್ ಅವರ ದನಿಯನ್ನು ಪರಿಚಯಿಸಬೇಕಿಲ್ಲ. ಬಾನುಲಿಯಿಂದಲೇ ಆ ದನಿ ಎಷ್ಟೋ ಮನೆಗಳಿಗೆ ಹೋಗಿದೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದವರು. ಮಗಳು ಹಿಂದೂಸ್ತಾನಿ ಕಲಿತರು. 1930ರ ದಶಕದ ಕೊನೆಯ ಹೊತ್ತಿಗೆ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಳ್ಳುತ್ತಿದ್ದರು. ಗುರುಗಳು ಒಂದೇ ಪಲ್ಟಾ, ಅಂದರೆ ಸ್ವರಗಳ ಒಂದು ಜೋಡಣೆ, ಕೊಟ್ಟು ಅದನ್ನೇ ತಿರುತಿರುಗಿ ಹಾಡಿಸುವವರು, ಅದು ಕೂಡುವವರೆಗೆ ಮುಂದಿನದು ಇಲ್ಲ.

ಎಳೆಯ ವಯಸ್ಸಿನಲ್ಲಿ ಗಂಗೂಬಾಯಿಯವರದು ತೆಳ್ಳನೆಯ, ಮೇಲಿನ ಸ್ಥಾಯಿಯ ಕಂಠ. ಆಮೇಲೆ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು, ದನಿ ಕೆಳಗಿಳಿದು ಗಡುಸಾಯಿತು. ರೇಡಿಯೊದಲ್ಲಿ ಮೊದಲ ಸಲ ಕೇಳಿದವರು ಗಂಡಸಿನ ದನಿ ಎಂದೇ ತಿಳಿಯುವಷ್ಟು. ಹೆಣ್ಣುಮಗಳೊಬ್ಬಳ ಹಾಡಿಕೆಯಲ್ಲಿ ಇಂಪಾದ ಎತ್ತರದ ಕಂಠವನ್ನೇ ಎಲ್ಲರೂ ನಿರೀಕ್ಷಿಸುತ್ತಿದ್ದ ಕಾಲ ಅದು. ಇಂಥ ಕಂಠವೇ ನನಗೆ ಬೇಕು ಎಂಬುದಷ್ಟೇ ಅವರು ಹಿಡಿದ ಹಟವಾಗಿದ್ದರೆ ಅವರ ಹಾಡು ಅಲ್ಲಿಗೇ ನಿಲ್ಲಬೇಕಿತ್ತು. ಸ್ವರ ತನ್ನ ಜಾಗದಲ್ಲಿ ನಿಲ್ಲಬೇಕು, ರಾಗ ಅವಸರವಿಲ್ಲದೆ ಬಿಚ್ಚಿಕೊಳ್ಳಬೇಕು ಎಂಬ ಕೆಲಸಕ್ಕೆ ಮಾತ್ರ ಹೊಸ ದನಿಯಿಂದ ಯಾವ ಅಡ್ಡಿಯೂ ಇರಲಿಲ್ಲ. ಆ ದನಿಯಲ್ಲೇ ಅವರು ಹಾಡಿದರು. ಅವರು ಕಲಿತ ಹಿಂದೂಸ್ತಾನಿ ಪರಂಪರೆಯಾದ ಕಿರಾಣಾ ಘರಾಣೆಯಲ್ಲಿ ಬೇರೆ ಯಾರಿಗೂ ಇಲ್ಲದ ಒಂದು ಗಾಂಭೀರ್ಯ ಬಂದದ್ದು ಅದರಿಂದಲೇ. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂದವು. ಅವು ಬರದಿದ್ದರೂ ಆ ಹಾಡಿಕೆ ಅದೇ ಹಾಡಿಕೆಯಾಗಿರುತ್ತಿತ್ತು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಹಾಗಾದರೆ ಬಂದ ಫಲಿತಾಂಶವನ್ನು ಏನು ಮಾಡಬೇಕು? ರಕ್ತಪರೀಕ್ಷೆಯ ವರದಿಯನ್ನು ಡಾಕ್ಟರು ಓದುವಂತೆ ಓದಬೇಕು. ಅವರು ವರದಿ ನೋಡಿ ಅಳುವುದಿಲ್ಲ, ಕುಣಿಯುವುದೂ ಇಲ್ಲ, ಯಾವ ಅಂಶ ಏರಿದೆ, ಯಾವುದು ಇಳಿದಿದೆ, ಔಷಧ ಬದಲಿಸಬೇಕೆ ಎಂದು ನೋಡುತ್ತಾರೆ. ಕಟ್ ಆಫ್‌ಗೆ ಹತ್ತಿರ ಬಂದು ತಪ್ಪಿತೇ, ಬಹಳ ದೂರ ಉಳಿದೆನೇ? ಪ್ರಿಲಿಮ್ಸ್ ದಾಟಿ ಮೇನ್ಸ್‌ನಲ್ಲಿ ನಿಂತೆನೇ? ಪ್ರಬಂಧದಲ್ಲಿ ಹೋಯಿತೇ, ಐಚ್ಛಿಕ ವಿಷಯದಲ್ಲಿ ಹೋಯಿತೇ? ನಾನು ಹಾಕಿಕೊಂಡ ಗುರಿಗಳನ್ನೆಲ್ಲ ಪೂರೈಸಿಯೂ ಅಂಕ ಬಂದಿಲ್ಲವಾದರೆ ಗುರಿಗಳೇ ತಪ್ಪಿರಬಹುದು, ಅವನ್ನು ಬದಲಿಸಬೇಕು. ಗುರಿಗಳನ್ನು ಪೂರೈಸಲೇ ಇಲ್ಲವಾದರೆ ಪುಸ್ತಕ ಬದಲಿಸಿ, ಕೋಚಿಂಗ್ ಬದಲಿಸಿ ಪ್ರಯೋಜನವಿಲ್ಲ. ಎಷ್ಟೋ ಮಕ್ಕಳು ಈ ಎರಡನ್ನು ಬೇರೆ ಮಾಡಿ ನೋಡುವುದೇ ಇಲ್ಲ. ರಿಸಲ್ಟ್ ಬಂದ ದಿನ ರೂಮಿನ ಬಾಗಿಲು ಹಾಕಿಕೊಂಡು ಕೂತು, ನಾಲ್ಕು ದಿನದ ಮೇಲೆ ಅದೇ ಪುಸ್ತಕ ಮೊದಲ ಪುಟದಿಂದ ಶುರು ಮಾಡುತ್ತಾರೆ.

ಎಲ್ಲಿಯವರೆಗೆ ಎಂಬ ಪ್ರಶ್ನೆಯನ್ನೂ ಮರೆಸಿಡಬಾರದು. ಗುರಿ ನನ್ನ ಕೈಯಲ್ಲಿದೆ ಎಂಬುದನ್ನೇ ನೆಪ ಮಾಡಿಕೊಂಡು ಹತ್ತು ವರ್ಷ ಅಭ್ಯರ್ಥಿಯಾಗಿಯೇ ಉಳಿದವರೂ ಇದ್ದಾರೆ. ಯುಪಿಎಸ್‌ಸಿಯಲ್ಲಿ ಸಾಮಾನ್ಯ ವರ್ಗದವರಿಗೆ ಆರು ಅಟೆಂಪ್ಟ್, 32 ವರ್ಷ ಎಂಬ ಮಿತಿಯಿದೆ. ಅದು ಆಯೋಗ ಹಾಕಿದ ಮಿತಿ. ನಮ್ಮ ಮನೆಯ ಸ್ಥಿತಿ ನೋಡಿ ನಾವು ಹಾಕಿಕೊಳ್ಳುವ ಮಿತಿ ಅದಕ್ಕಿಂತ ಮುಂಚೆ ಇರಬೇಕಾಗಬಹುದು. ಅದನ್ನು ಓದು ಶುರು ಮಾಡುವಾಗಲೇ, ಮನಸ್ಸು ಶಾಂತವಾಗಿರುವಾಗಲೇ ಬರೆದಿಡುವುದು ಒಳ್ಳೆಯದು. ಸೋತ ಸಂಜೆ ಮಾಡಿದ ತೀರ್ಮಾನವೂ ನಿಲ್ಲುವುದಿಲ್ಲ, ಇನ್ನೊಂದು ನೋಟಿಫಿಕೇಷನ್ ಬಂದ ಹುರುಪಿನಲ್ಲಿ ಮಾಡಿದ್ದೂ ನಿಲ್ಲುವುದಿಲ್ಲ. ಬಿಟ್ಟು ಹೊರಟವರು ಬರಿಗೈಯಲ್ಲಿ ಹೋಗುವುದಿಲ್ಲ ಎಂಬುದನ್ನೂ ನೋಡಿದ್ದೇನೆ. ಕಾನೂನು, ಅರ್ಥಶಾಸ್ತ್ರ, ಚೊಕ್ಕಟವಾಗಿ ಒಂದು ಪತ್ರ ಬರೆಯುವ ಕಲೆ, ದಿನಪತ್ರಿಕೆಯನ್ನು ಅರ್ಥಮಾಡಿಕೊಂಡು ಓದುವ ಅಭ್ಯಾಸ, ಇವನ್ನೆಲ್ಲ ಹೊತ್ತುಕೊಂಡು ಊರಿಗೆ ಹೋದವರು ಸಹಕಾರ ಸಂಘದಲ್ಲಿ, ಶಾಲೆಯಲ್ಲಿ, ಪಂಚಾಯತಿಯಲ್ಲಿ ಬೇಕಾದವರಾಗಿದ್ದಾರೆ. ನನಗೆ ಗೊತ್ತಿರುವ ಒಬ್ಬ ಹೆಣ್ಣುಮಗಳು ಕೆಎಎಸ್ ಬಿಟ್ಟು ತನ್ನ ಊರಿನಲ್ಲೇ ಹೈಸ್ಕೂಲು ಮಕ್ಕಳಿಗೆ ಸಂಜೆ ಪಾಠ ಹೇಳುತ್ತಾಳೆ, ಮಾಹಿತಿ ಹಕ್ಕಿನ ಅರ್ಜಿ ಬರೆಸಿಕೊಳ್ಳಲು ಊರವರು ಅವಳ ಮನೆಗೇ ಬರುತ್ತಾರೆ.

ಈಗ ನನ್ನ ಮಾತು ತಂದೆತಾಯಿಯರಿಗೆ. ನೀವು ವಾರಕ್ಕೊಮ್ಮೆ ಫೋನ್ ಮಾಡುತ್ತೀರಿ. "ರಿಸಲ್ಟ್ ಯಾವಾಗಪಾ?", "ಈ ಸಲ ಆಕ್ಕೈತಿ ಹೌದಲ್ಲೋ?" ಎಂದು ಕೇಳುತ್ತೀರಿ. ಪ್ರೀತಿಯಿಂದಲೇ ಕೇಳುತ್ತೀರಿ, ಅದು ನನಗೆ ಗೊತ್ತು. ಆದರೆ ಆ ಪ್ರಶ್ನೆಗೆ ಉತ್ತರ ಕೊಡುವುದು ನಿಮ್ಮ ಮಗುವಿನ ಕೈಯಲ್ಲಿಲ್ಲ. ಗೊತ್ತಿಲ್ಲ ಎಂದರೆ ನಿಮಗೆ ಬೇಸರವಾದೀತೆಂದು ಮಗು 'ಆಗುತ್ತದೆ' ಎನ್ನುತ್ತದೆ, ಹಾಗೆ ಹೇಳಿದ ಮೇಲೆ ಆ ಮಾತಿನ ಭಾರ ಹೊತ್ತು ಓದುತ್ತದೆ. ಮುಂದಿನ ಸಲ ಫೋನ್ ಮಾಡಿದಾಗ, "ಈ ವಾರ ಏನು ಹೊಸಾದು ಕಲ್ತಿ, ನನಗೂ ಒಂದೀಟು ಹೇಳು" ಎಂದು ಕೇಳಿ. ಗ್ರಾಮಸಭೆಗೆ ಏನೇನು ಅಧಿಕಾರವಿದೆ ಎಂದು ಮಗಳು ಹೇಳಲಿ, ನಿಮ್ಮ ಊರಿನಲ್ಲಿ ಅದು ಹೇಗೆ ನಡೆಯುತ್ತದೆ ಎಂದು ನೀವು ಹೇಳಿ. ಬೆಂಬಲ ಬೆಲೆ ಹೇಗೆ ನಿಗದಿಯಾಗುತ್ತದೆ ಎಂದು ಮಗ ಹೇಳಲಿ, ಈ ಸಲ ಕಡಲೆ ಯಾವ ದರಕ್ಕೆ ಹೋಯಿತು ಎಂದು ನೀವು ಹೇಳಿ. ನಿಮಗೆ ಅರ್ಥವಾಗುವಂತೆ ಹೇಳಲು ಬಂದರೆ ಮಗುವಿಗೆ ಆ ವಿಷಯ ಬಂದಿದೆ ಎಂದೇ ಲೆಕ್ಕ, ಪರೀಕ್ಷೆಯಲ್ಲಿ ಅದನ್ನು ಬರೆಯುವುದು ಅವರಿಗೆ ಸಲೀಸಾಗುತ್ತದೆ. ಫೋನಿಟ್ಟ ಮೇಲೆ ಆ ರೂಮಿನಲ್ಲಿ ಕೂತವರಿಗೆ ರಿಸಲ್ಟಿನ ಭಯ ಒಂದಿಷ್ಟು ಕಡಿಮೆಯಾಗಿ, ಓದಿನ ಮೇಲೆ ಒಂದಿಷ್ಟು ಪ್ರೀತಿ ಹೆಚ್ಚಿರುತ್ತದೆ.